ಗೌರಿಗೆ ಓಡೋದು ಬರುತ್ತೆ, ಸರದಿ ಕಾಯೋದು ಬರಲ್ಲ

ನಮ್ಮ ಗೌರಿನ ತೋಟದಲ್ಲಿ ಬಿಟ್ಟರೆ ಸಾಧು. ಪಕ್ಕದ ಹೊಲದ ನಾಯಿಗಳ ಜೊತೆ ಆಡ್ತಾಳೆ, ಸಾಕು ಅನ್ನಿಸಿದರೆ ಬದು ಹಾರಿ ಈ ಕಡೆ ಬಂದುಬಿಡ್ತಾಳೆ. ಅದೇ ಕೊರಳಿಗೆ ಬೆಲ್ಟು ಹಾಕಿ ಹಗ್ಗ ಹಿಡಿದು ರಸ್ತೆಗೆ ತಂದರೆ, ಎದುರಿಗೆ ಇನ್ನೊಂದು ನಾಯಿ ಕಂಡರೆ ಸಾಕು, ಹಿಂಗಾಲ ಮೇಲೆ ನಿಂತು ಊರು ಒಂದಾಗೋ ಹಾಗೆ ಬೊಗಳ್ತಾಳೆ. ಮುಧೋಳ ಜಾತಿ, ಮೂರು ವರ್ಷ. ಇವಳನ್ನ ಅಜಿಲಿಟಿ ಕ್ಲಾಸಿಗೆ ಸೇರಿಸ್ತೀನಿ ಅಂದಾಗ ಅಮ್ಮ, "ರಾಗಿ ಕೊಯ್ಯೋಕೆ ಆಳಿಲ್ಲ, ಇವನಿಗೆ ನಾಯಿ ಇಸ್ಕೂಲು" ಅಂದ್ರು. ಅದೂ ಸರಿಯೇ.

ಅಜಿಲಿಟಿ ಅಂದರೆ ನಾಯಿ ಬೇಲಿ ಹಾರಿ, ಕೊಳವೆಯೊಳಗೆ ನುಗ್ಗಿ, ಕಂಬಗಳ ನಡುವೆ ನುಸುಳಿ ಓಡೋ ಆಟ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಮೊದಲು ತೋರಿಸಿದ್ದು, ಕುದುರೆ ಜಿಗಿತದ ಸ್ಪರ್ಧೆ ನೋಡಿ ಕಟ್ಟಿದ್ದು. ಮುಧೋಳದ ಕಾಲಿಗೆ ಇದೆಲ್ಲ ಯಾವ ಲೆಕ್ಕ? ಆದರೆ ಗುಂಪಿನ ಕ್ಲಾಸಿನ ಲೆಕ್ಕವೇ ಬೇರೆ. ಒಂದು ಗಂಟೆ, ಆರು ನಾಯಿ. ಒಂದೊಂದಕ್ಕೆ ಹತ್ತು ನಿಮಿಷ ಓಟ. ಉಳಿದ ಐವತ್ತು ನಿಮಿಷ ಹಗ್ಗದಲ್ಲಿ ನಿಂತು, ಬೇರೆಯವು ಓಡೋದನ್ನ ನೋಡ್ತಾ ಕಾಯಬೇಕು. ಗೌರಿಯಂಥ ನಾಯಿಗೆ ಕಷ್ಟ ಇರೋದು ಈ ಐವತ್ತು ನಿಮಿಷದಲ್ಲಿ. ಅದನ್ನ ಯಾರೂ ಕಲಿಸಲ್ಲ ಅನ್ನೋದೇ ನನ್ನ ತಕರಾರು.

ಹಗ್ಗ ಹಾಕಿದಾಗಲೇ ಯಾಕೆ ಹೀಗೆ? ಬಿಟ್ಟ ನಾಯಿ ಇನ್ನೊಂದರ ಹತ್ತಿರ ನೇರವಾಗಿ ಹೋಗಲ್ಲ, ಸುತ್ತು ಬಳಸಿ, ನೆಲ ಮೂಸ್ತಾ ಹೋಗುತ್ತೆ. ಹೆದರಿಕೆ ಆದರೆ ದೂರ ಸರಿಯುತ್ತೆ. ಹಗ್ಗದಲ್ಲಿ ಆ ಎರಡೂ ದಾರಿ ಬಂದ್. ನಾವು ಎದುರಾಎದುರು ನಡೆಸ್ತೀವಿ, ಮೇಲಿಂದ ಭಯಕ್ಕೆ ಹಗ್ಗ ಬಿಗಿ ಹಿಡೀತೀವಿ. ಉಳಿಯೋದು ಬೊಗಳಿ ಓಡಿಸೋದೊಂದೇ. ಕೆಲವು ನಾಯಿಗೆ ಹೆದರಿಕೆ ಇಲ್ಲ, ಆಡೋಕೆ ಬಿಡಲಿಲ್ಲ ಅನ್ನೋ ಸಿಟ್ಟು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ.

ನಾನು ವಿಚಾರಿಸಿದ ಒಂದು ಕಡೆ, ಚೋಕ್ ಚೈನ್ ಹಾಕಿ ಬೊಗಳಿದಾಗ ಒಂದು ಸಲ ಜಗ್ಗಿ, ತೆಪ್ಪಗಾಗುತ್ತೆ ಅಂದ್ರು. ತೆಪ್ಪಗೇನೋ ಆಗಬಹುದು. ಆದರೆ ಬೇರೆ ನಾಯಿ ಕಂಡಾಗೆಲ್ಲ ಕೊರಳು ನೋಯುತ್ತೆ ಅಂತ ಅದು ಕಲಿತರೆ, ಮುಂದಿನ ಸಲ ಆ ನಾಯಿ ಮೇಲೆ ಪ್ರೀತಿ ಹುಟ್ಟುತ್ತಾ? ಗುರ್ ಅನ್ನೋದು ಎಚ್ಚರಿಕೆ. ಅದನ್ನ ಅದುಮಿಟ್ಟರೆ ಸೀದಾ ಬಾಯಿ ಹಾಕೋ ನಾಯಿ ತಯಾರಾಗಬಹುದು. ಹೊಸ ಹೋರಿಗೆ ಟ್ರಾಕ್ಟರ್ ಸದ್ದು ಅಭ್ಯಾಸ ಮಾಡಿಸೋಕೆ ಯಾರಾದ್ರೂ ಬಾರುಕೋಲು ಬೀಸ್ತಾರಾ? ದೂರದಲ್ಲಿ ಕಟ್ಟಿ, ಮುಂದೆ ಹುಲ್ಲು ಹಾಕ್ತಾರೆ.

ನಾನೂ ಅದನ್ನೇ ಮಾಡ್ತಿದೀನಿ. ಪಕ್ಕದ ಹೊಲದವರು ಹೊಂಗೆ ಮರದ ಕೆಳಗೆ ನಾಯಿ ಕಟ್ಟಿರ್ತಾರೆ. ಮೊದಲ ದಿನ ಅಲ್ಲಿಂದ ಮೂವತ್ತು ಮಾರು ದೂರ ನಿಂತೆವು. ಮುಧೋಳ ಕಣ್ಣಲ್ಲೇ ಬೇಟೆ ಆಡೋ ಜಾತಿ, ಅದಕ್ಕೇ ಇಷ್ಟು ದೂರ. ಗೌರಿ ಆ ಕಡೆ ನೋಡಿದ ತಕ್ಷಣ ಬೇಯಿಸಿದ ಕೋಳಿ ಲಿವರ್ ಒಂದು ಚೂರು. ನೋಡೋದು ಮೊದಲು, ಚೂರು ಆಮೇಲೆ. ಈ ಕ್ರಮ ತಪ್ಪಬಾರದು. ಚೂರು ಕೊಟ್ಟರೂ ಮೂಸದೆ ಕಿವಿ ನಿಮಿರಿಸಿ ಅಲ್ಲೇ ದಿಟ್ಟಿಸಿದರೆ ಹತ್ತಿರ ಜಾಸ್ತಿ ಆಯ್ತು ಅಂತ ಅರ್ಥ, ಸದ್ದಿಲ್ಲದೆ ಹಿಂದೆ ಬರಬೇಕು. ಲೆಸ್ಲಿ ಮೆಕ್‌ಡೆವಿಟ್ ಅನ್ನೋ ಅಮೆರಿಕದ ತರಬೇತುದಾರ್ತಿ 2007ರಲ್ಲಿ 'ಕಂಟ್ರೋಲ್ ಅನ್‌ಲೀಷ್ಡ್' ಅಂತ ಪುಸ್ತಕವನ್ನೇ ಬರೆದಿದ್ದಾರೆ. ಕ್ಲಾಸಲ್ಲಿ ತಲೆ ಕೆಡಿಸಿಕೊಳ್ಳೋ ಇಂಥ ನಾಯಿಗಳಿಗೆ ಅಂತಲೇ. ಬೇರೆ ನಾಯಿನ ನೋಡೋದೇ ಒಂದು ಆಟ ಅಂತ ಕಲಿಸೋ ಕ್ರಮ ಅದರಲ್ಲಿದೆ.

ಕ್ಲಾಸ್ ನಡೆಸೋರಿಗೆ ನನ್ನ ಮಾತು ಇಷ್ಟು: ಫೀಸು ತಗೊಳ್ಳೋಕೆ ಮುಂಚೆ ನಾಯಿನ ಒಂಟಿಯಾಗಿ ಒಂದು ಸಲ ನೋಡಿ. ಕಾಯೋ ಜಾಗಕ್ಕೆ ಎರಡು ಶೇಡ್‌ನೆಟ್ ಕಟ್ಟಿ ಮರೆ ಮಾಡಿ, ನಮ್ಮ ನರ್ಸರಿಗಳಲ್ಲಿ ಹಳೇದು ಬೇಕಾದಷ್ಟು ಸಿಗುತ್ತೆ. ಸರದಿ ಬರೋವರೆಗೆ ಗಾಡಿಯಲ್ಲೇ ಇರಿಸಿಕೊಳ್ಳೋಕೆ ಬಿಡಿ, ಬಿಸಿಲಿಗೆ ಮುಂಚಿನ ಹೊತ್ತಲ್ಲಿ, ಕಿಟಕಿ ತೆಗೆದು, ಮಾಲೀಕ ಪಕ್ಕದಲ್ಲೇ ಇದ್ದು. "ಇದು ಕಚ್ಚೋ ನಾಯಿ" ಅಂತ ಹೆಸರಿಟ್ಟು ಕಳಿಸಿದರೆ ಆ ನಾಯಿ ಊರಿಗೆ ಹೋಗಿ ಜೀವಮಾನವಿಡೀ ಸರಪಳಿಯಲ್ಲಿ ಬೀಳುತ್ತೆ. ನಮ್ಮ ಕಡೆ ಅಂಥವನ್ನ ಎಷ್ಟೋ ನೋಡಿದೀನಿ.

ಎರಡು ತಿಂಗಳಾಯ್ತು. ಈಗ ಹನ್ನೆರಡು ಮಾರು. ನಡುವೆ ಎರಡು ದಿನ ಮಳೆ ಬಂದು, ಗುಡುಗಿಗೆ ಬೆದರಿ ಮತ್ತೆ ಇಪ್ಪತ್ತಕ್ಕೆ ಹೋಗಿದ್ವಿ. ಕ್ಲಾಸಿನ ಮೈದಾನದಲ್ಲಿ ನಾಯಿಗಳ ನಡುವೆ ಐದು ಮಾರೂ ಇರಲ್ಲ. ರಾಗಿ ಕಣಕ್ಕೆ ಬರಲಿ, ಆಮೇಲೆ ನೋಡೋಣ. ಲಿವರ್ ಖರ್ಚು ಮಾತ್ರ ಅಮ್ಮನಿಗೆ ಇನ್ನೂ ಹೇಳಿಲ್ಲ.