ಜೋಜರಿ ನದಿ: ಬಣ್ಣ ತೆಗೆದರೆ ಸಾಕೇ, ಉಪ್ಪಿಗೇನು ದಾರಿ?

ರಾಜಸ್ಥಾನದ ಜೋಜರಿ ನದಿಯ ಮಾಲಿನ್ಯದ ವಿಷಯವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. 20 ಲಕ್ಷ ಜನರ ಜೀವ ಅಪಾಯದಲ್ಲಿದೆ ಎಂಬ ಮಾತು ಪ್ರಕರಣದ ಹೆಸರಿನಲ್ಲೇ ಇದೆ. ಜೋಧಪುರದ ಜವಳಿ ಮತ್ತು ಸ್ಟೀಲ್ ಘಟಕಗಳ ತ್ಯಾಜ್ಯವನ್ನೂ ಊರಿನ ಕೊಳಚೆಯನ್ನೂ ಹೊತ್ತು ಈ ನದಿ ಲೂಣಿಯನ್ನು ಸೇರುತ್ತದೆ. ಪರಿಹಾರದ ಮೇಲೆ ಕಣ್ಣಿಡಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದಲ್ಲಿ ಸಮಿತಿಯೂ ರಚನೆಯಾಗಿದೆ. ಆ ಸಮಿತಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿಲ್ಲ. ತಮಿಳುನಾಡಿನ ತಿರುಪ್ಪೂರು ಇದೇ ದಾರಿಯನ್ನು ಹಿಂದೆಯೇ ತುಳಿದಿದೆ.

ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುತ್ತದೆ. ನೀರಾವರಿಗೆಂದು 1992ರಲ್ಲಿ ಈ ನದಿಗೆ ಒರತ್ತುಪಾಳಯಂ ಬಳಿ ಅಣೆಕಟ್ಟು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ತಿರುಪ್ಪೂರಿನ ಡೈಯಿಂಗ್ ಘಟಕಗಳ ತ್ಯಾಜ್ಯ ನಿಲ್ಲುವ ಹೊಂಡವಾಯಿತು. ನೀರು ಬಿಡಿ ಎಂದು ಕೇಳಬೇಕಿದ್ದ ಕೆಳಗಿನ ರೈತರೇ ಬಿಡಬೇಡಿ ಎಂದು ಗೋಗರೆಯುವ ಸ್ಥಿತಿ ಬಂತು.

ಹೊಲ ಕೆಡಿಸಿದ್ದು ಮುಖ್ಯವಾಗಿ ಬಣ್ಣವಲ್ಲ, ಉಪ್ಪು. ಹತ್ತಿ ಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ನೂಲಿಗೆ ಹತ್ತಬೇಕಾದರೆ ನೀರಿಗೆ ಧಾರಾಳವಾಗಿ ಉಪ್ಪು ಹಾಕಬೇಕು. ಕಡು ಬಣ್ಣಕ್ಕೆ ಲೀಟರಿಗೆ 50 ಗ್ರಾಂಗಿಂತಲೂ ಹೆಚ್ಚು ಬೇಕಾಗುತ್ತದೆ. ಸಮುದ್ರದ ನೀರಿನಲ್ಲಿರುವುದೇ ಸುಮಾರು 35 ಗ್ರಾಂ! ಈ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ, ಹೆಚ್ಚುಕಡಿಮೆ ಅಷ್ಟೂ ನೀರಿನೊಂದಿಗೆ ಹೊರಗೆ ಬರುತ್ತದೆ. ಸುಣ್ಣ, ರಾಸಾಯನಿಕ ಹಾಕಿ ಬಣ್ಣ ತೆಗೆದರೆ ನೀರು ತಿಳಿಯಾಗಿ ಕಾಣುತ್ತದೆ, ಆದರೆ ಉಪ್ಪು ಹಾಗೇ ಇರುತ್ತದೆ. ಅದೇ ನೀರು ಬಾವಿಗೆ ಇಳಿಯುತ್ತದೆ, ಮಣ್ಣು ಬೆಳೆ ಕೊಡದಂತಾಗುತ್ತದೆ. 2017ರಲ್ಲಿ ನವಿ ಮುಂಬೈನ ತಳೋಜಾದಲ್ಲಿ ಬೀದಿನಾಯಿಗಳು ನೀಲಿಯಾದಾಗ ದೇಶವೇ ಬೆಚ್ಚಿ ನೋಡಿತ್ತು. ಉಪ್ಪಿಗೆ ಅಂಥ ಫೋಟೊ ಸಿಗುವುದಿಲ್ಲ.

ಹಾಗೆಂದು ಬಣ್ಣ ನಿರುಪದ್ರವಿಯೇನಲ್ಲ. ಅದು ಬಿಸಿಲನ್ನು ತಡೆಯುವುದರಿಂದ ನೀರಿನ ಪಾಚಿ, ಸಸ್ಯಗಳು ಸೊರಗುತ್ತವೆ, ಆಮ್ಲಜನಕ ಇಳಿದು ಮೀನು ಸಾಯುತ್ತವೆ. ಅಜೋ ಗುಂಪಿನ ಕೆಲವು ಬಣ್ಣಗಳು ನದಿಯ ಕೆಸರಿನಲ್ಲಿ, ಮನುಷ್ಯನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿಂದ ಒಡೆದು ಬೆಂಜಿಡಿನ್‌ನಂಥ ಕ್ಯಾನ್ಸರ್‌ಕಾರಕಗಳಾಗುತ್ತವೆ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಜರ್ಮನಿಯ ವೈದ್ಯ ಲುಡ್ವಿಗ್ ರೆನ್ 1895ರಲ್ಲೇ ಗುರುತಿಸಿದ್ದರು. ಭಾರತ ಇಂಥ 112 ಬಣ್ಣಗಳನ್ನು ನಿಷೇಧಿಸಿದ್ದು 1990ರ ದಶಕದಲ್ಲಿ. ರಿಯಾಕ್ಟಿವ್ ಬಣ್ಣದ ಪುಡಿಯನ್ನು ದಿನವೂ ಉಸಿರಾಡುವವರಿಗೆ ಅಸ್ತಮಾ ತಗಲುವುದುಂಟು. ಮೊದಲು ಕಾಯಿಲೆ ಬೀಳುವವನು ಬಣ್ಣ ತೂಗಿ ಕಲಸುವ ಕೂಲಿಯವನು, ಅಂಗಿ ತೊಟ್ಟವನಲ್ಲ.

ನೊಯ್ಯಲ್ ರೈತರು ಕೋರ್ಟಿಗೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಹನಿ ತ್ಯಾಜ್ಯವೂ ನದಿಗೆ ಬೀಳಕೂಡದು ಎಂದಿತು, 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಪಾಲನೆಯಾಗದಿದ್ದಾಗ 2011ರ ಜನವರಿಯಲ್ಲಿ ಹೈಕೋರ್ಟ್ ಅಲ್ಲಿನ 700ಕ್ಕೂ ಹೆಚ್ಚು ಘಟಕಗಳಿಗೆ ಬೀಗ ಹಾಕಿಸಿತು. ಆದೇಶ ಬಂದು ನಾಲ್ಕು ವರ್ಷ ಎಲ್ಲರೂ ಕಾದದ್ದು ಬೀಗ ಬೀಳುವುದಕ್ಕೇ ಎನ್ನಬೇಕು.

ಆಮೇಲೆ ಸಾಮೂಹಿಕ ಶುದ್ಧೀಕರಣ ಘಟಕಗಳಲ್ಲಿ ರಿವರ್ಸ್ ಆಸ್ಮೋಸಿಸ್ ಬಂತು. ಉಳಿದ ಉಪ್ಪುನೀರನ್ನು ಕಾಯಿಸಿ ಆವಿ ಮಾಡುವ ಯಂತ್ರಗಳೂ ಬಂದವು. ನೀರು, ಉಪ್ಪು ಎರಡೂ ಮತ್ತೆ ಬಣ್ಣದ ತೊಟ್ಟಿಗೆ ಹೋಗುತ್ತವೆ. ಆದರೆ ಆವಿ ಮಾಡಲು ಸೌದೆ, ಕರೆಂಟು ಸುರಿಯಬೇಕು. ಬಳಸಲಾಗದ ಮಿಶ್ರ ಉಪ್ಪು ಮೂಟೆಗಟ್ಟಲೆ ಉಳಿಯುತ್ತದೆ. ಈ ಖರ್ಚು ತಪ್ಪಿಸಲು ಕೆಲಸದ ಒಂದಷ್ಟು ಪಾಲು ಅಕ್ಕಪಕ್ಕದ ಜಿಲ್ಲೆಗಳ ಅನಧಿಕೃತ ಘಟಕಗಳಿಗೆ ಜಾರಿತು. ಒಂದು ನದಿ ಉಸಿರಾಡಿದರೆ ಇನ್ನೊಂದು ಹಳ್ಳಕ್ಕೆ ಬಣ್ಣ ಬಿತ್ತು.

ಜೋಧಪುರದಲ್ಲೂ ಎದುರಾಗುವುದು ಇದೇ. ಟ್ಯಾಂಕರ್‌ಗಳಲ್ಲಿ ರಾತ್ರೋರಾತ್ರಿ ತ್ಯಾಜ್ಯ ಸುರಿಯುವವರನ್ನು ಹಿಡಿಯುವುದು ಒಂದು ಕೆಲಸ. ಆವಿ ಮಾಡುವ ಖರ್ಚನ್ನು ಸಣ್ಣ ಘಟಕದವನು ಹೊರಬೇಕೇ, ಅವನಿಗೆ ಮೀಟರಿನ ಲೆಕ್ಕದಲ್ಲಿ ಕೂಲಿ ಕೊಡುವ ವ್ಯಾಪಾರಿ ಹೊರಬೇಕೇ ಎಂಬುದನ್ನು ಸಮಿತಿ ಈಗಲೇ ಕೇಳದಿದ್ದರೆ, ಬೀಗ ಬಿದ್ದ ಮರುದಿನ ಬಣ್ಣದ ತೊಟ್ಟಿಗಳು ಪಕ್ಕದ ತಾಲೂಕಿಗೆ ಹೊರಡುತ್ತವೆ.