ಒಂದು ಸಾಲು ತಗ್ದದ್ದೂ ಕೆಲ್ಸಾನೇ ಕನ

ಹೋದ ತಿಂಗಳು ಗುಂಡ್ಲುಪೇಟೆ ತವರುಮನೇಲಿ ತಂಗಿ ಸೀಮಂತಕ್ಕ ನಾ ಯಾಕ ಊಟದೊತ್ತಿಗ ಬಂದೆ ಅಂತ ಚಿಕ್ಕವ್ವದೀರೆಲ್ಲ ಕೇಳುದ್ರಿ. 'ಆಪೀಸು ಕೆಲ್ಸ' ಅಂತಷ್ಟೇ ಅಂದಿದ್ದೆ. ಮಡ್ಲಕ್ಕಿ ತುಂಬೊ ಹೊತ್ತಲ್ಲಿ ಅಕ್ಕ ಇರ್ನಿಲ್ಲ ಅಂತ ತಂಗಿ ಇನ್ನೂ ಮುನಿಸ್ಕಂಡವ್ಳ. ಅದೇನು ಕೆಲ್ಸ ಅಂತ ಇವತ್ತು ಹೇಳ್ಬುಡ್ತೀನಿ.

ಚಾಮರಾಜನಗರದ ಮನೇಲೇ ಕೂತು ನಾ ಮಾಡೋದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯೋರು ಮಾಡಿದ ಆ್ಯಪ್ ಸರಿಯಾಗಿ ನಡೀತದಾ ಅಂತ ನೋಡೋದು. ದಿನಾ ಕೈಲಿ ಒತ್ತಿ ಒತ್ತಿ ನೋಡಕ್ಕಾಗಲ್ಲ ಅಂತ ಪೈಥಾನ್ ಭಾಷೇಲಿ ಸ್ಕ್ರಿಪ್ಟ್ ಬರ್ದಿಟ್ಟಿರ್ತೀವಿ. ರಾತ್ರಿ ಅದೇ ಓಡಿ, ಬೆಳಿಗ್ಗೆ ಪಾಸು ಫೇಲು ಹೇಳ್ತದ. ನಮ್ಮ ಆ್ಯಪು ಜನಕ್ಕ ಎಸ್ಸೆಮ್ಮೆಸ್ ಕಳಿಸ್ತದ. ಟೆಸ್ಟ್ ಮಾಡುವಾಗ ನಿಜವಾಗ್ಲೂ ಕಳ್ಸುದ್ರ ನಡುರಾತ್ರೀಲಿ ಯಾರ್ಯಾರ್ದೋ ಫೋನು ಟಿಣ್ ಅಂತದ. ಅದಕ್ಕ ಕಳಿಸೋ ಜಾಗದಲ್ಲಿ ಒಂದು ಬೊಂಬೆ ನಿಲ್ಸೋದು, ಹೊಲದಲ್ಲಿ ಬೆದರುಬೊಂಬೆ ನಿಲ್ಸ್ದಂಗ. 'ಆಯ್ತು, ಕಳಿಸ್ದೆ' ಅಂತದ, ಏನೂ ಕಳ್ಸಲ್ಲ. ಎಷ್ಟು ಸಲ ಕರುದ್ರು ಅನ್ನೋ ಲೆಕ್ಕ ಮಾತ್ರ ಇಟ್ಕಂಡಿರ್ತದ. ಇದಕ್ಕ ಮಾಕ್ ಅಂತಾರ.

ಈ ಮಾಕ್ ಮೊದಲು ಹೊರಗಿನ ಲೈಬ್ರರಿ, ಬೇರೆ ಇಳಿಸ್ಕೋಬೇಕಿತ್ತು. 2012ರಲ್ಲಿ ಪೈಥಾನ್ 3.3 ಬಂದಾಗ ಭಾಷೆ ಜೊತೆಗೇ ಸೇರಿಸಿ ಕೊಟ್ರು. ಹಳೇ ಪೈಥಾನ್ 2ಕ್ಕ 2020ರ ಜನವರಿ 1ರಿಂದ ಬೆಂಬಲವೇ ನಿಂತೋಯ್ತು. ನಮ್ಮ ಸ್ಕ್ರಿಪ್ಟು ಮಾತ್ರ ಇನ್ನೂ ಹೊರಗಿಂದ್ಲೇ ತರಿಸ್ತಿತ್ತು. ಹಿತ್ಲಲ್ಲಿ ಕರಿಬೇವು ಬೆಳ್ದು ನಿಂತಿದ್ರೂ ದಿನಾ ಸಂತೆಗ ಹೋಗಿ ತಂದಂಗ.

ಕಂಪನಿಗಳಲ್ಲಿ ಒಪ್ಪಿಗೆಯಾದ ಲೈಬ್ರರಿಗಳ್ನ ಒಂದು ಉಗ್ರಾಣದಲ್ಲಿ ಇಟ್ಟಿರ್ತಾರ. ಆ ರಾತ್ರಿ ಉಗ್ರಾಣದ ಪಟ್ಟಿ ಹೊಸದು ಮಾಡ್ದಾಗ ಮಾಕ್ ಬಿಟ್ಟೋಗಿತ್ತು. ಸ್ಕ್ರಿಪ್ಟು ಸುರುವಾಗೋಕ್ಕೂ ಮುಂಚೆ ಕುಸ್ದು ಕೂತ್ಕತು. ಬೆಳಿಗ್ಗೆ ಐದೂವರೆಗ ಫೋನು. ಟೆಸ್ಟ್ ಪಾಸಾಗ್ದೆ ಆ್ಯಪ್ ಹೊರಗ ಬುಡಂಗಿಲ್ಲ. ಸೀರೆ ಉಟ್ಟು, ತೆರಕಣಾಂಬಿ ಮ್ಯಾಲೆ ಹೋಗೋ ಬಸ್ಸಿಗ ಹೊಂಟಿದ್ದೋಳು ವಾಪಸ್ ಲ್ಯಾಪ್‌ಟಾಪ್ ತಗ್ದೆ.

'ಇಂಪೋರ್ಟ್ ಮಾಕ್' ಅಂತಿದ್ದದ್ನ 'ಫ್ರಮ್ ಯೂನಿಟ್‌ಟೆಸ್ಟ್ ಇಂಪೋರ್ಟ್ ಮಾಕ್' ಅಂತ ಮಾಡ್ಬೇಕು, ತರಿಸ್ಕೊಳ್ಳೋ ಪಟ್ಟೀಲಿ ಒಂದು ಸಾಲು ಅಳಿಸ್ಬೇಕು. ಹೆಸರು ಅದೇ ಉಳೀತದ, ಕೆಳಗಿಂದೇನೂ ಮುಟ್ಟಂಗಿಲ್ಲ. ಹತ್ತು ನಿಮಿಷ. ಮಿಕ್ಕ ಮೂರು ಗಂಟೆ ಹೋದದ್ದು ಸರಿಯಾಯ್ತಾ ಅಂತ ನೋಡೋದ್ರಲ್ಲಿ. ನನ್ನ ಲ್ಯಾಪ್‌ಟಾಪಲ್ಲಿ ಹಳೇ ಮಾಕ್ ಕೂತೇ ಅದಲ್ಲ, ಒಂದು ಫೈಲ್ ಮರ್ತ್ರೂ ಸುಮ್ಮಗ ಪಾಸ್ ಅಂತದ. ಏನೂ ಇಲ್ದ ಖಾಲಿ ಜಾಗ ಮಾಡಿ ಅಲ್ಲಿ ಮೊದಲಿಂದ ಓಡಿಸ್ಬೇಕು. ಓಡಿಸ್ದಾಗ್ಲೇ ಒಂದು ಫಂಕ್ಷನ್ನಿನ ಹೊಟ್ಟೇಲಿ ಅವುತ್ಕಂಡಿದ್ದ ಇನ್ನೊಂದು ಇಂಪೋರ್ಟ್ ಸಿಕ್ಕಿದ್ದು.

ಮೇಲಿನೋರು ಕೇಳುದ್ರು: "ಉಗ್ರಾಣಕ್ಕ ವಾಪಸ್ ಸೇರಿಸಿದ್ರ ಸಾಕಿತ್ತಲ್ಲ, ಇಷ್ಟೊತ್ತು ಒಂದು ಸಾಲು ಅಳಿಸಿದ್ದಾ?"

ಅಟ್ಟ ಗುಡ್ಸಿ ಇಳಿದು ಬಂದ ದಿನ 'ಬೆಳಿಗ್ಗಿಂದ ಏನ್ ಮಾಡ್ದೆ' ಅಂತ ಕೇಳಿಸ್ಕಂಡೋರಿಗ ಈ ಮಾತು ಹೊಸದಲ್ಲ. ಹೊಸದು ತಂದಿಟ್ರ ಎಲ್ಲಾರ್ಗೂ ಕಾಣ್ತದ. ಬ್ಯಾಡದ್ದ ತಗ್ದದ್ದು ಯಾರ್ಗೂ ಕಾಣಲ್ಲ. ನಾ ಹೇಳೋದಿಷ್ಟೇ: 'ನಡೀತಾ ಅದಲ್ಲ, ಬುಡು' ಅನ್ನೋದು ಲೆಕ್ಕಾಚಾರ ಅಲ್ಲ. ನಡೀದ ದಿನದ ಖರ್ಚು ಯಾರ ತಲೆ ಮ್ಯಾಲೆ? ಆವತ್ತು ನನ್ನ ತಲೆ ಮ್ಯಾಲೆ ಬಿತ್ತು.

ದೊಡ್ಡೋರ್ಗೂ ಬಿದ್ದದ. 2016ರ ಮಾರ್ಚ್ 22ಕ್ಕ ಅಜೆರ್ ಕೊಚುಲು ಅನ್ನೋ ಪ್ರೋಗ್ರಾಮರ್ ಎನ್‌ಪಿಎಂ ಅನ್ನೋ ಜಾವಾಸ್ಕ್ರಿಪ್ಟ್ ಉಗ್ರಾಣದಿಂದ ತನ್ನ ಲೈಬ್ರರಿಗಳ್ನೆಲ್ಲ ವಾಪಸ್ ತಕ್ಕಂಡ. ಅದ್ರಲ್ಲಿ ಲೆಫ್ಟ್‌ಪ್ಯಾಡ್ ಅನ್ನೋದೂ ಒಂದು. ಅದ್ರ ಕೆಲ್ಸ ಪದದ ಎಡಗಡೆ ಸೊನ್ನೆಯೋ ಖಾಲಿ ಜಾಗವೋ ತುಂಬೋದು, ಬರೀ 11 ಸಾಲು. ಅದನ್ನ ನೆಚ್ಚಿದ್ದ ಬೇಬಲ್, ರಿಯಾಕ್ಟ್ ಥರದ ದೊಡ್ಡ ದೊಡ್ಡವೇ ಲೋಕದ ತುಂಬ ಮುಗ್ಗರಿಸುದ್ವು. ಕೊನೆಗ ಎನ್‌ಪಿಎಂನೋರೇ ಅದನ್ನ ವಾಪಸ್ ಇಟ್ರು. 2017ರಲ್ಲಿ ಜಾವಾಸ್ಕ್ರಿಪ್ಟಿಗೇ ಪ್ಯಾಡ್‌ಸ್ಟಾರ್ಟ್ ಅಂತ ಆ ಕೆಲ್ಸ ಸೇರ್ತು.

ಹಂಗಂತ ಸಿಕ್ಕಿದ್ದೆಲ್ಲ ಕಿತ್ತಾಕೋಳಲ್ಲ ನಾನು. ಅದೇ ಸ್ಕ್ರಿಪ್ಟಲ್ಲಿ ರಿಕ್ವೆಸ್ಟ್ಸ್ ಅಂತ ಇನ್ನೊಂದು ಹೊರಗಿನ ಲೈಬ್ರರಿ ಅದ. ಪೈಥಾನಲ್ಲೇ ಅದ್ರ ಬದಲಿ ಇದ್ರೂ ಲಾಗಿನ್ನು, ಕುಕಿ ಎಲ್ಲ ನಾನೇ ಕಟ್ಟಕ್ಕ ಹೋದ್ರ ಎರಡು ಸಾಲಿನ ಜಾಗದಲ್ಲಿ ಇಪ್ಪತ್ತು ಬರ್ದು, ತಪ್ಪೂ ನಂದೇ ಆಯ್ತದ. ಅದು ಇರ್ಲಿ. ಮಾಕ್ ಹಂಗಲ್ಲ, ಅದೇ ಸಾಮಾನು ಮನೇಲೇ ಇತ್ತು.

ಪಟ್ಟೀಲಿ ಇನ್ನೂ ನಾಕು ಹೆಸರು ನೋಡ್ಬೇಕು. ಯಾರೂ ಕೇಳದ ಕೆಲ್ಸ, ಶನಿವಾರ ಮಾಡ್ತೀನಿ. ನಾಮಕರಣಕ್ಕ ಹಿಂದಿನ ದಿನವೇ ಬತ್ತೀನಿ ಅಂತ ತಂಗಿಗ ಹೇಳ್ಬುಡಿ, ನನ್ನ ಫೋನ್ ಅವ್ಳು ಎತ್ತಾ ಇಲ್ಲ.