ಕೂಸನ್ನು ಯಾರ ಹತ್ತಿರ ಬಿಟ್ಟು ಬರಲಿ?



ನಮ್ಮ ಸಂಘಗಳ ಸಭೆಯಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಪ್ರಸಂಗ ನಿಮಗೆಲ್ಲ ಗೊತ್ತಿದೆ. ಒಬ್ಬಾಕೆ ತಡವಾಗಿ ಬರುತ್ತಾಳೆ, ಗೋಡೆಯ ಬದಿಗೆ ಕೂಡುತ್ತಾಳೆ, ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಾಳೆ. ಸೆರಗಿನ ಕೆಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಉಳಿತಾಯದ ಹಣ ಎಣಿಸಿ ಮುಗಿದ ಮೇಲೆ ನಾಲ್ಕು ಜನ ಹಿರಿಯರು ಆಕೆಯ ಹತ್ತಿರ ಕೂತು, "ನಾಳೆ ಠಾಣೆಗೆ ಹೋಗೂಣು ನಡಿ, ನಾವೂ ಬರ್ತೀವಿ" ಎನ್ನುತ್ತಾರೆ. ಆಕೆಗೆ ಧೈರ್ಯವಿಲ್ಲ ಎಂದಲ್ಲ. ಆದರೆ ಬಾಯಿಂದ ಬರುವ ಮಾತು ಒಂದೇ: "ಕೂಸಿನ್ನ ಯಾರ ಕಡೆ ಬಿಟ್ಟ ಬರ್ಲಿ ಅಕ್ಕಾರ?"

ಈ ಪ್ರಶ್ನೆಗೆ ನಾವು ಇಷ್ಟು ವರ್ಷ ಉತ್ತರ ಕೊಟ್ಟಿಲ್ಲ. ಅದು ಆಕೆಯ ಮನೆಯ ವಿಷಯ, ತಾಯಿಯ ಕರ್ತವ್ಯದ ವಿಷಯ ಎಂದು ಬಿಟ್ಟಿದ್ದೇವೆ. ವರದಕ್ಷಿಣೆ ಮತ್ತು ಹೊಡೆತ ಬಡಿತದ ವಿರುದ್ಧ ಬರೆಯುವ ಪತ್ರಿಕೆಯಲ್ಲಿ ಕೂಸು ನೋಡಿಕೊಳ್ಳುವ ಮಾತೇಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ: ಹೊಡೆಯುವ ಮನೆಯ ಬಾಗಿಲಿಗೆ ಬೀಗ ಹಾಕಿರುವುದು ಗಂಡನೊಬ್ಬನೇ ಅಲ್ಲ. ಕೂಸನ್ನು ಬಿಡಲು ಒಂದು ನಂಬಿಕೆಯ ಜಾಗವಿಲ್ಲದ ಊರು ಕೂಡ ಆ ಬೀಗ ಹಾಕಿದೆ.

ಮೊದಲು ನಮ್ಮ ಐದು ತಾಲೂಕುಗಳಲ್ಲಿ ಹೆಂಗಸರು ಏನು ಕೆಲಸ ಮಾಡುತ್ತಾರೆ, ಆಗ ಅವರ ಕೂಸುಗಳು ಎಲ್ಲಿರುತ್ತವೆ ಎಂದು ನೋಡೋಣ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗೆ ಹೋಗುವವಳು ಬೆಳಿಗ್ಗೆಯಿಂದ ಸಂಜೆವರೆಗೆ ಜರಡಿ ಹಿಡಿಯುತ್ತಾಳೆ. ಆ ಧೂಳು ದೊಡ್ಡವರ ಎದೆಯನ್ನೇ ಹಿಂಡುತ್ತದೆ, ಕೂಸನ್ನು ಅಲ್ಲಿಗೆ ಒಯ್ಯುವ ಹಾಗಿಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವಳ ಕೂಸು ಅವಳ ತೊಡೆಯ ಮೇಲೆಯೇ ಇರುತ್ತದೆ, ಮೊರದಲ್ಲಿಯ ತಂಬಾಕು ಅದರ ಮೂಗಿನ ಕೆಳಗೇ ಇರುತ್ತದೆ. ಅಥಣಿ, ನಿಪ್ಪಾಣಿಗಳಲ್ಲಿ ಚಪ್ಪಲಿ ಕೆಲಸದ ಮನೆಗಳಲ್ಲಿ ಹೆಂಗಸರು ಚರ್ಮ ಹೆಣೆಯುವಾಗ, ಹೊಲಿಯುವಾಗ, ಅಂಬೆಗಾಲಿಡುವ ಕೂಸು ಉಳಿ ಸೂಜಿಗಳ ನಡುವೆ ಆಡುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹೆಸರು ದೇಶ ದಾಟಿತು. ಆ ಚಪ್ಪಲಿ ಹೆಣೆದವಳ ಕೂಸಿಗೆ ಮಾತ್ರ ಒಂದು ಚಾಪೆಯ ಜಾಗ ಸಿಗಲಿಲ್ಲ.

ಇನ್ನು ಕಬ್ಬು. ಕೃಷ್ಣಾ ನದಿಯ ದಂಡೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳಲ್ಲಿ ಹಂಗಾಮು ಶುರುವಾದರೆ ಬೇರೆ ಕಡೆಯಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ' ಎಂದು ಲೆಕ್ಕ. ಮುಂಗಡ ಹಣ ಗಂಡನ ಕೈಗೆ, ಹೊರೆ ಹೆಂಡತಿಯ ತಲೆಗೆ. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗುವ ಆಕೆ ಕೂಸನ್ನು ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗಿಸುತ್ತಾಳೆ. ಅಲ್ಲಿ ಹಾವೂ ಇದೆ, ಟ್ರ್ಯಾಕ್ಟರೂ ಇದೆ, ಚಳಿಯೂ ಇದೆ. ಈ ಭಾಗದ ಕಾರ್ಖಾನೆಗಳು ಅರೆಯುವ ಪ್ರತಿ ಟನ್ ಕಬ್ಬಿನ ಹಿಂದೆ ಇಂಥ ಒಂದು ಜೋಳಿಗೆ ತೂಗುತ್ತಿದೆ ಎಂಬುದನ್ನು ಯಾವ ತೂಕದ ಚೀಟಿಯೂ ಹೇಳುವುದಿಲ್ಲ.

ಹಾಗಾದರೆ ಇಷ್ಟು ದಿನ ಈ ಕೂಸುಗಳನ್ನು ನೋಡಿಕೊಂಡವರು ಯಾರು? ಬಹಳ ಮನೆಗಳಲ್ಲಿ ಹಿರಿಯ ಮಗಳು. ಎಂಟು ವರ್ಷ, ಹತ್ತು ವರ್ಷದ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತವಳನ್ನು ನೋಡಿ "ಎಷ್ಟ ಶಾಣ್ಯಾ ಹುಡುಗಿ" ಎಂದು ನಾವೇ ಹೊಗಳುತ್ತೇವೆ. ಆಕೆ ಮೊದಲು ವಾರಕ್ಕೆ ಎರಡು ದಿನ ಶಾಲೆ ತಪ್ಪಿಸುತ್ತಾಳೆ, ಆಮೇಲೆ ಹಾಜರಿ ಪುಸ್ತಕದಿಂದಲೇ ಹೋಗಿಬಿಡುತ್ತಾಳೆ. ಶಾಲೆ ಬಿಟ್ಟು ಮನೆಯಲ್ಲಿ ಕೂತ ಹುಡುಗಿಗೆ ಹದಿನೈದು ತುಂಬುವಷ್ಟರಲ್ಲಿ ವರ ಬರುತ್ತಾನೆ. ವರನ ಹಿಂದೆ ವರೋಪಚಾರ ಬರುತ್ತದೆ, ಹುಂಡಾ ಎಂದು ಕರೆದರೂ ಅದೇ. ಅದಕ್ಕಾಗಿ ಸಾಲ ಬರುತ್ತದೆ, ನಮ್ಮ ಸಂಘದಿಂದಲೇ ಬೇರೆ ಕಾರಣ ಹೇಳಿ ಎತ್ತಿದ ಸಾಲವೂ ಅದರಲ್ಲಿ ಸೇರಿರುತ್ತದೆ. ಸಾಲದ ನಂತರ ಇನ್ನಷ್ಟು ತಾ ಎಂಬ ಹೊಡೆತ. ವರ್ಷದೊಳಗೆ ಆಕೆಯ ಕೈಯಲ್ಲೂ ಒಂದು ಕೂಸು. ಬಾಲ್ಯದಲ್ಲಿ ತಮ್ಮನನ್ನು ಹೊತ್ತವಳು ಈಗ ತನ್ನ ಕೂಸನ್ನು ಹೊತ್ತು ನಮ್ಮ ಸಭೆಯ ಗೋಡೆಯ ಬದಿಗೆ ಬಂದು ಕೂಡುತ್ತಾಳೆ.

ಇದು ನಾವು ಕಟ್ಟಿದ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಂಗಸರಲ್ಲಿ 21 ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ನೂರು ಹೆಂಗಸರಲ್ಲಿ 44 ಜನ ಗಂಡನಿಂದ ದೌರ್ಜನ್ಯ ಅನುಭವಿಸಿದವರು. ದೇಶದಲ್ಲಿಯೇ ಇದು ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿಯೇ ಬಂದಿದೆ. ಬಾಲ್ಯವಿವಾಹ ತಡೆಯುವ ಕಾಯ್ದೆ 2006ರದು. ಕಾನೂನು ಮದುವೆಯ ಚಪ್ಪರದ ಬಾಗಿಲಲ್ಲಿ ನಿಂತು ಕಾಯುತ್ತದೆ. ಹುಡುಗಿ ಶಾಲೆಯ ಬಾಗಿಲು ಬಿಟ್ಟ ದಿನ ಅಲ್ಲಿ ಯಾರೂ ಇರಲಿಲ್ಲ.

"ಮನ್ಯಾಗ ಅತ್ತಿ ಅದಾಳಲ್ಲ, ನೋಡ್ಕೋತಾಳ" ಎನ್ನುತ್ತಾರೆ. ಒಳ್ಳೆಯ ಅತ್ತೆಯರು ಬಹಳ ಜನ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಆ ಅತ್ತೆಯೂ ನಲವತ್ತು ವರ್ಷ ಬೀಡಿ ಕಟ್ಟಿ ಬೆನ್ನು ಬಗ್ಗಿದವಳು, ಅವಳಿಗೂ ವಿಶ್ರಾಂತಿಯ ಹಕ್ಕಿದೆ. ಇನ್ನು ಹಿಂಸೆಯ ಮನೆಯಲ್ಲಿ ಕೂಸೇ ಒತ್ತೆ. "ಹೋಗುವದಿದ್ರ ಹೋಗ, ಕೂಸು ಇಲ್ಲೇ ಇರ್ತೈತಿ" ಎಂಬ ಒಂದು ಮಾತಿಗೆ ಹೆದರಿ ಎಷ್ಟು ಹೆಂಗಸರು ಒಳಗೇ ಉಳಿದಿದ್ದಾರೆ! 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೆಯ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಕೂಸನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿಸಬಹುದು. ಅದನ್ನು ಪ್ರತಿಯೊಬ್ಬ ಸದಸ್ಯೆಯೂ ತಿಳಿದಿರಬೇಕು. ಆದರೆ ಕೋರ್ಟು ಕೂಸನ್ನು ಕೈಗಿತ್ತ ಮರುದಿನ ಆಕೆ ಕೂಲಿಗೆ ಹೋಗಬೇಕಲ್ಲ? ಆಗ ಮತ್ತೆ ಅದೇ ಪ್ರಶ್ನೆ.

2023ರ ಜೂನ್‌ನಿಂದ ಬಸ್ಸು ನಮಗೆ ಬಿಟ್ಟಿಯಾಗಿದೆ, ಅದೇ ವರ್ಷ ಗೃಹಲಕ್ಷ್ಮಿಯ ಹಣ ಬರತೊಡಗಿತು. ಇವನ್ನು ನಾವು ಹೀಗಳೆಯುವುದಿಲ್ಲ. ಚಿಕ್ಕೋಡಿಯ ಕೋರ್ಟಿಗೆ, ಬೆಳಗಾವಿಯ ಆಸ್ಪತ್ರೆಗೆ ಟಿಕೀಟಿನ ಚಿಂತೆಯಿಲ್ಲದೆ ಹೋಗುವುದು ಸಣ್ಣ ಮಾತಲ್ಲ. ಆದರೆ ಬಸ್ಸು ಹತ್ತಲು ಕೈ ಖಾಲಿ ಇರಬೇಕು. ಬಿಟ್ಟಿ ಟಿಕೀಟು ಕೊಟ್ಟ ಸರಕಾರ ಕೂಸನ್ನು ಬಿಡುವ ಜಾಗವನ್ನೂ ಕೊಡಬೇಕು.

ಕಾನೂನಿನಲ್ಲಿ ಈ ಜಾಗ ಇರಲಿಲ್ಲವೆ? ಇತ್ತು. 1948ರ ಕಾರ್ಖಾನೆ ಕಾಯ್ದೆಯ 48ನೆಯ ಕಲಂ, ಮೊದಲು 50ಕ್ಕಿಂತ ಹೆಚ್ಚು, 1976ರ ನಂತರ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೂ ಶಿಶುಪಾಲನಾ ಕೋಣೆ ಕಡ್ಡಾಯ ಮಾಡಿತು. ಇಂಥ ಕಾನೂನನ್ನು ತಪ್ಪಿಸಿಕೊಳ್ಳುವ ದಾರಿ ಬಹಳ ಸುಲಭ. ಹೆಂಗಸರ ಹೆಸರು ಪಟ್ಟಿಯಲ್ಲಿ ಕಡಿಮೆ ತೋರಿಸಿದರಾಯಿತು. ಎಲೆ ತಂಬಾಕನ್ನು ಮನೆಗೇ ಕಳಿಸಿದರೆ ಕೋಣೆಯ ಪ್ರಶ್ನೆಯೇ ಏಳುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿವೆ. ಈಗ ಲೆಕ್ಕ ಹೆಂಗಸರದಲ್ಲ, 50 ಜನ ನೌಕರರದು. ಇದು ಒಂದು ರೀತಿಯಲ್ಲಿ ಒಳ್ಳೆಯದೇ, ಕೂಸು ಗಂಡಾಳಿನದೂ ಹೌದು ಎಂದು ಕಾನೂನು ಕೊನೆಗೂ ಒಪ್ಪಿದಂತಾಯಿತು. ಆದರೆ ಮನೆಯಲ್ಲಿ ಬೀಡಿ ಕಟ್ಟುವವಳು, ಕಬ್ಬಿನ ಗ್ಯಾಂಗಿನವಳು, ಹೊಲದ ಕೂಲಿಯವಳು ಆ ಐವತ್ತರಲ್ಲಿ ಎಂದು ಬರುತ್ತಾಳೆ? ನಮ್ಮ ತಾಲೂಕುಗಳ ಬಹುಪಾಲು ಹೆಂಗಸರು ಲೆಕ್ಕದ ಹೊರಗೇ ಉಳಿದರು.

"ಅಂಗನವಾಡಿ ಇದೆಯಲ್ಲ" ಎಂದು ಅಧಿಕಾರಿಗಳು ಹೇಳುತ್ತಾರೆ. ಇದೆ, ಅದು ನಮ್ಮ ದೊಡ್ಡ ಆಸ್ತಿ. 1975ರಲ್ಲಿ ಆರಂಭವಾದ ಈ ಯೋಜನೆ ಇಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳು ಬದುಕುತ್ತಿರಲಿಲ್ಲ. ಆದರೆ ಅಲ್ಲಿ ದಿನವೂ ಕೂಡುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಸಣ್ಣವಕ್ಕೆ ಮನೆಗೆ ಆಹಾರದ ಪೊಟ್ಟಣ ಬರುತ್ತದೆ, ಪೊಟ್ಟಣ ಕೂಸನ್ನು ಎತ್ತಿಕೊಳ್ಳುವುದಿಲ್ಲ. ಕಬ್ಬಿನ ಹೊಲಕ್ಕೆ ಹೋದವಳು ಮರಳುವ ಮೊದಲೇ ಅಂಗನವಾಡಿಗೆ ಬೀಗ ಬಿದ್ದಿರುತ್ತದೆ. ಇದಕ್ಕೆ ಅಂಗನವಾಡಿ ಬಾಯಿಯನ್ನು ಬಯ್ಯಬೇಡಿ. ಅವಳಿಗೂ ಸಂಬಳವಿಲ್ಲ, 'ಗೌರವಧನ'. ಗ್ರಾಚ್ಯುಟಿಗೂ ಅವಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, 2022ರಲ್ಲಿ ಗೆದ್ದಳು. ಅವಳ ಮೇಲೆ ಇನ್ನೊಂದು ಹೊರೆ ಹೊರಿಸಿ ನಮ್ಮ ಹೊರೆ ಇಳಿಸಿಕೊಳ್ಳುವುದು ನ್ಯಾಯವಲ್ಲ.

ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಜಾಗ, ಊರಿನ ಹೆಂಗಸರಿಗೇ ನೋಡಿಕೊಳ್ಳುವ ಕೆಲಸ. ನಾವು ಕೇಳುತ್ತ ಬಂದದ್ದೇ ಇದು. ಆದರೆ ಆರೈಕೆ ಮಾಡುವವಳ ಕೂಲಿಯನ್ನು ಉದ್ಯೋಗ ಖಾತರಿಗೆ ಕಟ್ಟಿದರು. ಒಬ್ಬಳ ನೂರು ದಿನ ಮುಗಿದರೆ ಇನ್ನೊಬ್ಬಳು, ಅವಳದು ಮುಗಿದರೆ ಮತ್ತೊಬ್ಬಳು. ಕೂಸು ಒಂದು ಮುಖವನ್ನು ನಂಬುವಷ್ಟರಲ್ಲಿ ಮುಖವೇ ಬದಲಾಗುತ್ತದೆ. ರಸ್ತೆಗೆ ಮಣ್ಣು ಹಾಕುವ ಕೆಲಸಕ್ಕೆ ಈ ಲೆಕ್ಕ ನಡೆದೀತು, ಕೂಸಿಗೆ ನಡೆಯುವುದಿಲ್ಲ. ಮೇಲಾಗಿ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿಯ ಜಾಗಕ್ಕೆ ಬೇರೆ ಕಾನೂನು ತಂದಿದೆ. ಕೂಸಿನ ಮನೆಯ ಆಯಾಳ ಕೂಲಿಗೆ ಇನ್ನು ಮುಂದೆ ಯಾವ ಆಸರೆ ಎಂದು ಪ್ರತಿ ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳಬೇಕು.

ಹಣವಿಲ್ಲ ಎಂಬುದು ಹಳೆಯ ನೆಪ. 1988ರಲ್ಲಿಯೇ ಇಳಾ ಭಟ್ ಅವರ ಅಧ್ಯಕ್ಷತೆಯ ಆಯೋಗ ತನ್ನ 'ಶ್ರಮಶಕ್ತಿ' ವರದಿಯಲ್ಲಿ ದುಡಿಯುವ ಬಡ ಹೆಂಗಸರಿಗೆ ಶಿಶುಪಾಲನೆ ಬೇಕೇಬೇಕು ಎಂದಿತ್ತು. ಗುಜರಾತಿನ ಖೇಡಾ ಜಿಲ್ಲೆ ನಮ್ಮ ನಿಪ್ಪಾಣಿಯ ಹಾಗೆಯೇ ತಂಬಾಕಿನ ಸೀಮೆ. ಅಲ್ಲಿ 'ಸೇವಾ' ಸಂಘಟನೆ ತಂಬಾಕಿನ ಹೆಣ್ಣಾಳುಗಳ ಕೂಸುಗಳಿಗೆ ಕೇಂದ್ರ ತೆರೆಯಿತು. ಅಹಮದಾಬಾದಿನಲ್ಲಿ 1986ರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರೇ 'ಸಂಗಿನಿ' ಎಂಬ ಸಹಕಾರಿ ಸಂಘ ಕಟ್ಟಿದರು. ಕೇಂದ್ರದ ಹೊತ್ತು ತಾಯಿಯ ಕೆಲಸದ ಹೊತ್ತಿಗೆ ಹೊಂದಿರಬೇಕು ಎಂಬುದು ಅವರ ನಿಯಮ. ಕೂಸು ಕೇಂದ್ರಕ್ಕೆ ಬಂದರೆ ಅಕ್ಕ ಶಾಲೆಗೆ ಹೋಗುತ್ತಾಳೆ ಎಂಬುದನ್ನು ಅವರು ಕಣ್ಣಾರೆ ಕಂಡರು. ನಮ್ಮಲ್ಲಿ ಆಗದು ಎನ್ನಬೇಡಿ. 1980ರ ದಶಕದಲ್ಲಿ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘದಲ್ಲಿ ಸೇರಿ ಬೀದಿಗಿಳಿದ ನಿಪ್ಪಾಣಿಯ ತಂಬಾಕು ಹೆಂಗಸರ ಬಗ್ಗೆ ಛಾಯಾ ದಾತಾರ್ ಪುಸ್ತಕವನ್ನೇ ಬರೆದರು. ಅವರು ನಮ್ಮ ಅವ್ವಂದಿರು, ಅಜ್ಜಿಯರು.

ಒಂದು ಎಚ್ಚರಿಕೆ. "ಸಂಘದವರೇ ಸರದಿಯ ಮೇಲೆ ನೋಡಿಕೊಳ್ಳಿ, ಸೇವೆ ಎಂದು ಮಾಡಿ" ಎಂಬ ಸಲಹೆ ಬರುತ್ತದೆ. ಒಪ್ಪಬೇಡಿ. 2024ರ ಸಮಯ ಬಳಕೆ ಸಮೀಕ್ಷೆಯಂತೆ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ 289 ನಿಮಿಷ ಕೂಲಿಯಿಲ್ಲದೆ ದುಡಿಯುತ್ತಾಳೆ, ಗಂಡಸು 88 ನಿಮಿಷ. ಇನ್ನೂ ಎಷ್ಟು ಬಿಟ್ಟಿ ಕೆಲಸ ನಮ್ಮಿಂದ ಬೇಕು? ಕೂಸು ನೋಡುವುದು ಕಲಿತು ಮಾಡುವ ಕೆಲಸ, ಅದಕ್ಕೆ ಕೂಲಿ ಸಿಗಬೇಕು.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಕೂಸುಗಳನ್ನು ಹೊತ್ತುಕೊಂಡೇ ಹೋಗೋಣ, ಈ ಬೇಡಿಕೆಗಳನ್ನು ಬರೆಸಿ ಸಹಿ ಹಾಕೋಣ:

1. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ನಿಪ್ಪಾಣಿಯಂಥ ಊರುಗಳಲ್ಲಿ ಬೀಡಿ ಕೆಲಸದ ಓಣಿ ಓಣಿಯಲ್ಲಿ ಕೂಸಿನ ಮನೆ ನಡೆಯಬೇಕು. ಬೋರ್ಡು ಇದ್ದು ಬಾಗಿಲು ಮುಚ್ಚಿರುವ ಕೇಂದ್ರ ನಮಗೆ ಬೇಡ.

2. ಹೊತ್ತು ತಾಯಿಯ ಕೆಲಸಕ್ಕೆ ಹೊಂದಿರಬೇಕು. ಕಬ್ಬಿನ ಹಂಗಾಮಿನಲ್ಲಿ ನಸುಕಿನಿಂದಲೇ ತೆರೆದಿರಬೇಕು.

3. ನೋಡಿಕೊಳ್ಳುವವಳಿಗೆ ವರ್ಷಪೂರ್ತಿ ಕೆಲಸ, ತರಬೇತಿ, ಕನಿಷ್ಠ ಕೂಲಿ.

4. ಸಕ್ಕರೆ ಕಾರ್ಖಾನೆಗಳು, ಬೀಡಿ ತಂಬಾಕಿನ ಮಾಲೀಕರು ಖರ್ಚಿನಲ್ಲಿ ಪಾಲು ಕೊಡಬೇಕು. ಗ್ಯಾಂಗಿನ ಕೂಸುಗಳು ಬೇರೆ ಜಿಲ್ಲೆಯವು, ಬೇರೆ ರಾಜ್ಯದವು ಎಂಬ ನೆಪ ನಡೆಯದು.

5. ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ, ಕೇಳಿದ ಮೂರು ತಿಂಗಳಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್‌ನಲ್ಲಿ ಹೇಳಿದೆ. ಓಣಿಯ ಮಕ್ಕಳನ್ನು ನಾವೇ ಎಣಿಸಿ ಅರ್ಜಿ ಕೊಡೋಣ.

6. ಠಾಣೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗುವ ನೊಂದ ಹೆಂಗಸಿನ ಕೂಸನ್ನು ಆ ದಿನ ಪ್ರಶ್ನೆ ಕೇಳದೆ ಸೇರಿಸಿಕೊಳ್ಳಬೇಕು.

ಕೊನೆಯ ಬೇಡಿಕೆಗೆ ಇಲಾಖೆ ಬೇರೆ ಎಂಬ ಉತ್ತರ ಬಂದರೆ ಒಂದು ಮಾತು ನೆನಪಿಸಿ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು. ಕೂಸಿನ ಫೈಲು, ಹೊಡೆತ ತಿಂದ ತಾಯಿಯ ಫೈಲು, ಎರಡೂ ಒಂದೇ ಮೇಜಿನ ಮೇಲಿವೆ. ಅವನ್ನು ಒಂದೇ ದಾರದಿಂದ ಕಟ್ಟಿಸುವ ಕೆಲಸ ನಮ್ಮದು.

ಮುಂದಿನ ಸಭೆಯಲ್ಲಿ ಆಕೆ ಮತ್ತೆ ಗೋಡೆಯ ಬದಿಗೆ ಕೂತು ಅದೇ ಪ್ರಶ್ನೆ ಕೇಳುತ್ತಾಳೆ. ಆಗ ನಾವು ತಲೆ ತಗ್ಗಿಸದೆ, "ಇಲ್ಲಿ ಬಿಡವ್ವ, ಇದು ನಮ್ಮ ಊರಿನ ಕೂಸಿನ ಮನಿ. ನಡಿ, ಹೋಗೂಣು" ಎನ್ನುವ ಹಾಗಾಗಬೇಕು.